ಹೊಸ್ತಿಲು ದಾಟಿದ ಕವಾಯತು: ಬೆಳಗಾವಿ ಅಧಿವೇಶನದ ಸ್ವಯಂಸೇವಕಿಯರು, 1924

1924ರ ಡಿಸೆಂಬರ್ ಕೊನೆಯ ವಾರ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವನ್ನು ಕನ್ನಡಿಗರು ಸಾಮಾನ್ಯವಾಗಿ ಎರಡು ಕಾರಣಗಳಿಗಾಗಿ ನೆನೆಯುತ್ತಾರೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು. ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ಮೈಸೂರು ಸಂಸ್ಥಾನ ಎಂದು ಹರಿದುಹೋಗಿದ್ದ ನಾಡಿನ ಜನ ವಿಜಯನಗರ ಎಂದು ಹೆಸರಿಟ್ಟ ಬಯಲಿನಲ್ಲಿ ಒಂದೇ ಮಂಟಪದ ಕೆಳಗೆ ಕೂಡಿ ತಾವೆಲ್ಲ ಕನ್ನಡಿಗರೆಂದು ಪರಸ್ಪರ ಗುರುತಿಸಿಕೊಂಡ ಸಂದರ್ಭವೂ ಅದೇ. ಈ ಎರಡರ ಬೆಳಕಿನಲ್ಲಿ ಮಸುಕಾಗಿ ಉಳಿದ ಮೂರನೆಯ ಸಂಗತಿಯೊಂದಿದೆ: ಆ ಅಧಿವೇಶನದ ಸ್ವಯಂಸೇವಕ ದಳದಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು, ಮತ್ತು ಅವರಲ್ಲಿ ವಿಧವೆಯರೂ ಇದ್ದರು. ಅವರನ್ನು ಕಲೆಹಾಕಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ.

ಈ ಸಂಖ್ಯೆಯನ್ನು ಇಂದಿನ ಕಣ್ಣಿನಿಂದ ನೋಡಿದರೆ ಅದು ದೊಡ್ಡದೆನಿಸುವುದಿಲ್ಲ. ಆದರೆ ಹೆಣ್ಣುಮಕ್ಕಳು ಊರ ಜಾತ್ರೆಗೂ ಗಂಡಸಿನ ಜೊತೆಯಿಲ್ಲದೆ ಹೋಗದಿದ್ದ ಮನೆತನಗಳಿಂದ, ಪರಊರಿನಲ್ಲಿ, ಸಾವಿರಾರು ಅಪರಿಚಿತರ ನಡುವೆ, ಕೆಲಸ ಹಂಚಿಕೊಂಡು ಹಲವು ದಿನ ನಿಲ್ಲುವುದಕ್ಕೆ ಇಷ್ಟು ಜನ ಹೊರಟದ್ದು ಹೇಗೆ ಸಾಧ್ಯವಾಯಿತು ಎಂಬುದು ಬಿಡಿಸಿ ನೋಡಬೇಕಾದ ಪ್ರಶ್ನೆ. ಅದೇ ಕಾಲಕ್ಕೆ ಬ್ರಿಟಿಷ್ ಭಾರತದಲ್ಲಿ ಹುಡುಗಿಯರಿಗಾಗಿ ಗರ್ಲ್ ಗೈಡ್ಸ್ ಎಂಬ ಇನ್ನೊಂದು ಸಂಘಟನೆ, ಸರಕಾರದ ಕೃಪೆಯನ್ನೂ ಶಾಲೆಗಳ ಆಸರೆಯನ್ನೂ ಪಡೆದು, ಆಗಲೇ 13 ವರ್ಷಗಳಿಂದ ಕೆಲಸ ಮಾಡುತ್ತಿತ್ತು. ಅದರ ಪಕ್ಕದಲ್ಲಿಟ್ಟು ನೋಡಿದಾಗಲೇ ಬೆಳಗಾವಿಯ ಪ್ರಕರಣದ ವಿಶೇಷ ತಿಳಿಯುತ್ತದೆ.

ದೊರೆಯ ಹೆಸರಿನ ಪ್ರತಿಜ್ಞೆ

ಗರ್ಲ್ ಗೈಡ್ಸ್ ಎಂಬ ಹೆಸರಿನಲ್ಲೇ ಭಾರತವಿದೆ ಎಂಬುದನ್ನು ನಾವು ಮರೆತಿದ್ದೇವೆ. ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ 1908ರಲ್ಲಿ ಗಂಡುಹುಡುಗರಿಗಾಗಿ ಸ್ಕೌಟ್ ಚಳವಳಿಯನ್ನು ರೂಪಿಸಿದಾಗ ಹುಡುಗಿಯರ ವಿಚಾರ ಅವರ ತಲೆಯಲ್ಲಿರಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಸ್ಕೌಟ್ ಸಮಾವೇಶಕ್ಕೆ ಕೆಲವು ಹುಡುಗಿಯರು ತಾವೂ ಸ್ಕೌಟುಗಳೇ ಎಂದು ಕರೆಯದೆಯೇ ಬಂದು ನಿಂತ ಮೇಲೆ ಅವರಿಗೊಂದು ಬೇರೆ ವ್ಯವಸ್ಥೆ ಮಾಡುವುದು ಅನಿವಾರ್ಯವಾಯಿತು. ಮರುವರ್ಷ ತಂಗಿ ಆಗ್ನೆಸ್ ಬೇಡನ್ ಪೊವೆಲ್ ಮುಂದಾಳುತನದಲ್ಲಿ ಆ ಸಂಘಟನೆ ಹುಟ್ಟಿತು. ಅದಕ್ಕಿಟ್ಟ ಹೆಸರು ಬಂದದ್ದು ವಾಯವ್ಯ ಗಡಿನಾಡಿನಲ್ಲಿ ಬ್ರಿಟಿಷರು 1846ರಲ್ಲಿ ಕಟ್ಟಿದ ಕೋರ್ ಆಫ್ ಗೈಡ್ಸ್ ಎಂಬ ಸೇನಾ ತುಕಡಿಯಿಂದ. 1912ರ ಅವರ ಕೈಪಿಡಿಯ ಉಪಶೀರ್ಷಿಕೆಯಂತೂ ಯಾವ ಮುಚ್ಚುಮರೆಯೂ ಇಲ್ಲದ್ದು: ಸಾಮ್ರಾಜ್ಯವನ್ನು ಕಟ್ಟಲು ಹುಡುಗಿಯರು ಹೇಗೆ ನೆರವಾಗಬಹುದು ಎಂಬುದೇ ಅದರ ಅರ್ಥ.

ಭಾರತಕ್ಕೆ ಈ ಸಂಘಟನೆ ಬಂದದ್ದು 1911ರಲ್ಲಿ, ಜಬಲ್ಪುರದಲ್ಲಿ ಆರಂಭವಾದ ಮೊದಲ ಕಂಪನಿಯ, ಅಂದರೆ ಗೈಡುಗಳ ಸ್ಥಳೀಯ ತಂಡದ, ಮೂಲಕ. 1915ರ ಹೊತ್ತಿಗೆ ದೇಶದಲ್ಲಿ 50ಕ್ಕೂ ಹೆಚ್ಚು ಕಂಪನಿಗಳೂ 1,200ಕ್ಕೂ ಹೆಚ್ಚು ಸದಸ್ಯೆಯರೂ ಇದ್ದರು. ಅವರೆಲ್ಲರೂ ಯುರೋಪಿಯನ್ ಮೂಲದವರು. ಕಂಪನಿಗಳು ನೇರವಾಗಿ ಲಂಡನ್ ಕಚೇರಿಯಲ್ಲಿ ನೋಂದಣಿಯಾಗುತ್ತಿದ್ದವು. ಭಾರತೀಯ ಹುಡುಗಿಯರಿಗೆ ಬಾಗಿಲು ತೆರೆದದ್ದು 1916ರಲ್ಲಿ, ಅಖಿಲ ಭಾರತ ಮಟ್ಟದ ಸಂಸ್ಥೆ ರೂಪುಗೊಂಡಾಗ. ಅಂದರೆ ಗೈಡ್ ಆದವಳು ಪ್ರತಿಯೊಬ್ಬ ಗೈಡಿಗೂ ಸೋದರಿ ಎಂಬ ನಿಯಮವನ್ನು ಐದು ವರ್ಷಗಳ ಕಾಲ ಜಬಲ್ಪುರದಂಥ ಊರಿನಲ್ಲಿ ದಿನವೂ ಉರುಹೊಡೆಯುತ್ತಿದ್ದ ಹುಡುಗಿಗೆ, ಪಕ್ಕದ ಬೀದಿಯ ಹುಡುಗಿ ಸೋದರಿಯಾಗುವ ಅರ್ಹತೆಯನ್ನೇ ಪಡೆದಿರಲಿಲ್ಲ. ಇದನ್ನು ವ್ಯಕ್ತಿಗಳ ಬೂಟಾಟಿಕೆ ಎಂದು ತಳ್ಳಿಹಾಕಿದರೆ ವಿಷಯ ತಪ್ಪಿಹೋಗುತ್ತದೆ. ಸೋದರಿತ್ವವನ್ನು ನಿಜವಾಗಿ ನಂಬಿದ್ದವರೂ ಅವರಲ್ಲಿದ್ದರು. ಆದರೆ ಆ ನಂಬಿಕೆಗೆ ಮೊದಲೇ ಒಂದು ಬೇಲಿ ಹಾಕಲಾಗಿತ್ತು, ಬೇಲಿಯ ಒಳಗಿನದ್ದೇ ಜಗತ್ತು ಎಂದು ಅವರಿಗೆ ತೋರುತ್ತಿತ್ತು. ದಕ್ಷಿಣ ಆಫ್ರಿಕದಲ್ಲಿ ಆ ಬೇಲಿ ಇನ್ನೂ ಗಟ್ಟಿಯಾಗಿತ್ತು. ಅಲ್ಲಿ ಕರಿಯ ಹುಡುಗಿಯರಿಗಾಗಿ 1920ರ ದಶಕದಲ್ಲಿ ವೇಫೇರರ್ಸ್ ಎಂಬ ಬೇರೆಯೇ ಸಂಘಟನೆ ಹುಟ್ಟಿತು. ಗೈಡ್ ಸಂಸ್ಥೆಯ ತೆಕ್ಕೆಗೆ ಅದು ಬಂದದ್ದು 1936ರಲ್ಲಿ, ಆಗಲೂ ಪ್ರತ್ಯೇಕ ವಿಭಾಗವಾಗಿಯೇ.

ಪ್ರತಿಜ್ಞೆಯನ್ನು ಹತ್ತಿರದಿಂದ ನೋಡಬೇಕು. ಹುಡುಗಿ ಮೂರು ಬೆರಳು ಎತ್ತಿ ಮೂರು ಮಾತು ಕೊಡುತ್ತಿದ್ದಳು: ದೇವರಿಗೂ ದೊರೆಗೂ ತನ್ನ ಕರ್ತವ್ಯವನ್ನು ಸಲ್ಲಿಸುವುದು, ಸದಾ ಇತರರಿಗೆ ನೆರವಾಗುವುದು, ಗೈಡ್ ನಿಯಮವನ್ನು ಪಾಲಿಸುವುದು. ಎರಡನೆಯ ಮತ್ತು ಮೂರನೆಯ ಮಾತಿಗೆ ಯಾವ ಮನೆಯಲ್ಲೂ ತಕರಾರು ಬರುವಂತಿರಲಿಲ್ಲ. ಪ್ರಥಮ ಚಿಕಿತ್ಸೆ, ಗಂಟು ಹಾಕುವುದು, ಡೇರೆ ಹೂಡುವುದು, ರೋಗಿಯ ಆರೈಕೆ ಇವು ಯಾರಿಗೆ ಬೇಡ? ತೊಡಕು ಇದ್ದದ್ದು ಮೊದಲ ಮಾತಿನ ಎರಡನೆಯ ಪದದಲ್ಲಿ. 1921ರಲ್ಲಿ ಬೇಡನ್ ಪೊವೆಲ್ ದಂಪತಿ ಭಾರತ ಪ್ರವಾಸಕ್ಕೆ ಬಂದಾಗ ದೇಶ ಅಸಹಕಾರದ ಬಿಸಿಯಲ್ಲಿತ್ತು. ಆನಿ ಬೆಸೆಂಟ್ 1916ರಲ್ಲಿ ಮದ್ರಾಸಿನಲ್ಲಿ ಭಾರತೀಯ ಹುಡುಗರಿಗಾಗಿಯೇ ಕಟ್ಟಿದ್ದ ಸ್ಕೌಟ್ ಸಂಸ್ಥೆ ಆ ಭೇಟಿಯ ಫಲವಾಗಿ ಮೂಲ ಸಂಸ್ಥೆಯೊಡನೆ ಬೆರೆಯಿತು. ಮದನಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಅವರ ಸೇವಾ ಸಮಿತಿ ಸ್ಕೌಟ್ ಸಂಸ್ಥೆ ಬೆರೆಯಲಿಲ್ಲ. ವಾದ ನಡೆದದ್ದು ಬಹುಪಾಲು ಗಂಡುಹುಡುಗರ ಕುರಿತು. ಹುಡುಗಿಯರ ನಿಷ್ಠೆ ಯಾರಿಗೆ ಸಲ್ಲಬೇಕೆಂಬುದು ಅಷ್ಟು ದೊಡ್ಡ ಪ್ರಶ್ನೆಯೆಂದು ಆಗ ಎರಡೂ ಕಡೆಯವರಿಗೆ ಅನ್ನಿಸಿದಂತಿಲ್ಲ.

ಹುಡುಗಿ ಎಂದರೆ ಯಾರು

ಗೈಡ್ ಸಂಘಟನೆಯ ಇಡೀ ಏರ್ಪಾಡು ಒಂದು ವಯಸ್ಸನ್ನು ಆಧರಿಸಿತ್ತು. ಸುಮಾರು 11ರಿಂದ 16 ವರ್ಷದವರೆಗಿನವಳು, ಶಾಲೆಗೆ ಹೋಗುವವಳು, ಮದುವೆಯಾಗದವಳು, ಸಂಜೆ ಒಂದೆರಡು ಗಂಟೆ ಬಿಡುವಿರುವವಳು ಅದರ ಹುಡುಗಿ. ಇಂಗ್ಲೆಂಡಿನ ನಗರಗಳಲ್ಲಿ ಇಂಥ ಹುಡುಗಿಯರು ಲಕ್ಷಗಟ್ಟಲೆ ಇದ್ದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಮೇಲುಜಾತಿಯ ಮನೆಗಳಲ್ಲಿ ಆ ವಯಸ್ಸೇ ಹೆಣ್ಣನ್ನು ಶಾಲೆ ಬಿಡಿಸುವ ವಯಸ್ಸು. ನಮ್ಮ ಮಾತಿನಲ್ಲೇ ಇದರ ಸುಳಿವಿದೆ: ಹುಡುಗಿಯ ಮೈ ಬದಲಾದ ದಿನವೇ ಅವಳು ದೊಡ್ಡವಳಾದಳು ಎನ್ನುತ್ತೇವೆ. ಅಲ್ಲಿಗೆ ಹುಡುಗುತನ ಮುಗಿಯಿತು, ಮುಂದಿನದು ಪ್ರಸ್ಥ, ಅತ್ತೆಮನೆ, ಬಸಿರು, ಬಾಣಂತನ. 1891ರ ಕಾನೂನು ದೇಹಸಂಬಂಧಕ್ಕೆ ಒಪ್ಪಿಗೆಯ ವಯಸ್ಸನ್ನು 12ಕ್ಕೆ ಏರಿಸಿದಾಗಲೇ ದೇಶದಲ್ಲಿ ದೊಡ್ಡ ಗದ್ದಲವೆದ್ದಿತ್ತು. 1925ರಲ್ಲಿ ಮದುವೆಯೊಳಗೆ ಅದು 13 ಆಯಿತು. ಹುಡುಗಿಯ ಮದುವೆಯ ಕನಿಷ್ಠ ವಯಸ್ಸು 14 ಎಂದು ಶಾರದಾ ಕಾಯ್ದೆ ಹೇಳಿದ್ದು 1929ರಲ್ಲಿ. ಬೆಳಗಾವಿ ಅಧಿವೇಶನ ನಡೆದಾಗ ಆ ಕಾಯ್ದೆ ಇನ್ನೂ ಐದು ವರ್ಷ ದೂರದಲ್ಲಿತ್ತು.

ಹೀಗಾಗಿ ನಮ್ಮಲ್ಲಿ ಹುಡುಗಿಯರ ಸಂಘಟನೆ ಮತ್ತು ಹೆಂಗಸರ ಸಂಘಟನೆ ಎಂಬ ಗೆರೆಯನ್ನು ವಯಸ್ಸಿನ ಲೆಕ್ಕದಿಂದ ಎಳೆಯಲು ಹೊರಟರೆ ಆ ಗೆರೆ ನಿಲ್ಲುವುದಿಲ್ಲ. ಹದಿನೈದರ ಸುಮಂಗಲಿ ಹೆಂಗಸು. ಹದಿನೈದರ ವಿಧವೆ ಆ ಎರಡೂ ಅಲ್ಲದ ಮೂರನೆಯ ಒಂದು ಜೀವ. ಮಡಿ ಮಾಡಿದ ತಲೆ, ಕೆಂಪು ಸೀರೆ, ಒಪ್ಪೊತ್ತಿನ ಊಟ, ಶುಭಕಾರ್ಯದಲ್ಲಿ ಮುಖ ತೋರಿಸದೆ ಒಳಕೋಣೆಯಲ್ಲಿ ಇರುವುದು ಇವು ಬ್ರಾಹ್ಮಣ ವಿಧವೆಗೆ ಗೊತ್ತುಮಾಡಿದ ಬದುಕು. ಯಾವ ಇಂಗ್ಲಿಷ್ ಕೈಪಿಡಿಯೂ ಅವಳನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಬೆಳಗಾವಿಯ ಪ್ರಕರಣ ಈ ಹೆಣ್ಣಿನಿಂದಲೇ ಮುಖ್ಯವಾಗುತ್ತದೆ ಎಂದು ನನಗೆ ತೋರುತ್ತದೆ.

ಹುಬ್ಬಳ್ಳಿಯ ಎರಡು ಎಳೆಗಳು

ಮೊದಲ ಎಳೆ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರದು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣ ಪಡೆದು, ಅಮೆರಿಕದ ಮಿಚಿಗನ್ನಿನಲ್ಲಿ ಓದು ಮುಂದುವರಿಸಿ, ಅಲ್ಲಿ ಲಾಲಾ ಲಜಪತ ರಾಯರ ಜೊತೆ ದುಡಿದು 1921ರಲ್ಲಿ ಮರಳಿದ ಅವರು ಹುಬ್ಬಳ್ಳಿಯಲ್ಲಿ ಸೇವಾ ಮಂಡಲವನ್ನು ಕಟ್ಟಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ದೇಶದ ಹಲವು ಕಡೆಗಳಿಂದ ಬಂದವರು ಜೈಲು ಸೇರಿದರು, ಜೈಲಿನ ಕಾಠಿಣ್ಯ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಮಾತ್ರ ಬರೆದುಕೊಡಲಿಲ್ಲ. ತರಬೇತಿಯಿಂದ ಆಗುವುದೇನು ಎಂಬುದು ಕಾಂಗ್ರೆಸ್ ನಾಯಕರ ಕಣ್ಣಿಗೆ ಬಿದ್ದದ್ದು ಆಗ. ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಅಧಿವೇಶನದಲ್ಲಿ ರಾಷ್ಟ್ರಮಟ್ಟದ ಸ್ವಯಂಸೇವಕ ಸಂಘಟನೆಯ ತೀರ್ಮಾನವಾಯಿತು. ಮುಂದೆ ಹಿಂದೂಸ್ತಾನಿ ಸೇವಾ ದಳವೆಂದು ಹೆಸರಾದ ಈ ಸಂಘಟನೆಗೆ ಜವಾಹರಲಾಲ್ ನೆಹರು ಅಧ್ಯಕ್ಷರಾದರೂ ಅದರ ಕಚೇರಿ, ಅದರ ಪತ್ರಿಕೆ, ಅದರ ಜೀವ ಎಲ್ಲವೂ ಇದ್ದದ್ದು ಹುಬ್ಬಳ್ಳಿಯಲ್ಲಿ. ಕವಾಯತು, ಸೀಟಿ, ಸಮವಸ್ತ್ರ, ಸಾಲುನಡಿಗೆ, ಧ್ವಜವಂದನೆ ಇವೆಲ್ಲ ಸೇವಾ ದಳದಲ್ಲೂ ಇದ್ದವು. ಹೊರನೋಟಕ್ಕೆ ಸ್ಕೌಟುಗಳಿಗೂ ಇವರಿಗೂ ಅಂತರ ಕಡಿಮೆ. ಅಹಿಂಸೆಯ ಪಕ್ಷಕ್ಕೆ ಈ ಪೌಜಿನ ಸೊಗಸು ಏಕೆ ಎಂದು ಕಾಂಗ್ರೆಸ್ಸಿನೊಳಗೇ ಗೊಣಗಿದವರಿದ್ದರು.

ಎರಡನೆಯ ಎಳೆ ಕುಂದಾಪುರ ಮನೆತನದ್ದು. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಭವಾನಿ ಗೋಳಿಕೇರಿ ಎಂಬ ಹುಡುಗಿ ಮದುವೆಯಾಗಿ ಉಮಾಬಾಯಿ ಕುಂದಾಪುರ ಆದಾಗ ಅವಳಿನ್ನೂ ಎಳೆಯವಳು. ಆದರೆ ಆಕೆ ಸೇರಿದ ಮನೆಯ ಯಜಮಾನ, ಮಾವ ಆನಂದರಾವ್ ಕುಂದಾಪುರ, ಹೆಣ್ಣುಮಕ್ಕಳು ಓದಬೇಕೆಂದು ಹಟ ಹಿಡಿದ ಗೃಹಸ್ಥ. ಸೊಸೆಯನ್ನು ಮುಂಬೈಯಲ್ಲಿ ಮೆಟ್ರಿಕ್ ವರೆಗೆ ಓದಿಸಿದವರು ಅವರೇ. ಉಮಾಬಾಯಿ ಚಿಕ್ಕ ಪ್ರಾಯದಲ್ಲೇ ಪತಿಯನ್ನು ಕಳೆದುಕೊಂಡಾಗ ಒಳಕೋಣೆಯ ಬಾಗಿಲನ್ನು ತೋರಿಸದೆ ಬೀದಿಯ ಬಾಗಿಲನ್ನು ತೋರಿಸಿದವರೂ ಅವರೇ. ಕುಟುಂಬ ಹುಬ್ಬಳ್ಳಿಗೆ ಬಂದು ಕರ್ನಾಟಕ ಮುದ್ರಣಾಲಯವನ್ನು ತೆರೆಯಿತು. ಹೆಣ್ಣುಮಕ್ಕಳಿಗಾಗಿ ತಿಲಕ ಕನ್ಯಾ ಶಾಲೆ ನಡೆಯಿತು, ಅದರ ಹೊಣೆ ಉಮಾಬಾಯಿಯವರದಾಯಿತು. ಭಗಿನಿ ಮಂಡಲವನ್ನು ಅವರು ಕಟ್ಟಿದ್ದೂ ಅಲ್ಲೇ. ಹರ್ಡೀಕರರ ಸೇವಾ ದಳ ಮಹಿಳಾ ವಿಭಾಗ ಬೇಕೆಂದಾಗ ಊರಿನಲ್ಲಿ ಅದಕ್ಕೆ ಶಾಲೆಯೂ ಸಂಘವೂ ಮುಂದಾಳೂ ಸಿದ್ಧವಾಗಿ ದೊರೆತದ್ದು ಹೀಗೆ. ಮಂಗಳೂರಿನವರೇ ಆದ, ಲಂಡನ್ನಿನಿಂದ ಆಗತಾನೆ ಮರಳಿದ್ದ ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ಸೇವಾ ದಳದ ಮಹಿಳಾ ಕಾರ್ಯಕ್ಕೆ ಕೈಹಾಕಿ, ದೇಶದ ಬೇರೆ ಬೇರೆ ಕಡೆ ಸೇವಿಕೆಯರನ್ನು ಸೇರಿಸಿ ತರಬೇತು ಕೊಡಿಸುವ ಕೆಲಸಕ್ಕೆ ನಿಂತರು. ಆಗ ಕಮಲಾದೇವಿಯವರಿಗೆ ಇಪ್ಪತ್ತೊಂದು. ಅವರೂ ಬಾಲ್ಯದಲ್ಲೇ ಒಮ್ಮೆ ವೈಧವ್ಯವನ್ನು ಕಂಡು, ಮರುಮದುವೆಯಾದವರು. ಮಹಿಳಾ ಸ್ವಯಂಸೇವಕ ದಳದ ಇಬ್ಬರು ಮುಂದಾಳುಗಳೂ ವೈಧವ್ಯದ ನೆರಳನ್ನು ಕಂಡವರು ಎಂಬುದನ್ನು ನಾನು ಆಕಸ್ಮಿಕವೆಂದು ಬಿಟ್ಟುಬಿಡಲಾರೆ.

ಅನುಮತಿ ಎಂಬ ಬೀಗ

ಅಧಿವೇಶನಕ್ಕೆ ಮುಂಚಿನ ತಿಂಗಳುಗಳಲ್ಲಿ ಉಮಾಬಾಯಿ ಹರ್ಡೀಕರರ ಜೊತೆ ಪ್ರಾಂತದ ಉದ್ದಗಲ ತಿರುಗಿದರು. ಇಂಥ ತಿರುಗಾಟದ ಸ್ವರೂಪವನ್ನು ಸ್ವಲ್ಪ ವಿವರವಾಗಿ ಯೋಚಿಸಬೇಕು. ಗೈಡ್ ಕಂಪನಿಗೆ ಹುಡುಗಿಯರು ದೊರೆಯುತ್ತಿದ್ದದ್ದು ಶಾಲೆಯಲ್ಲಿ. ಮುಖ್ಯೋಪಾಧ್ಯಾಯಿನಿ ಒಪ್ಪಿದರೆ ತರಗತಿಗೆ ತರಗತಿಯೇ ಸೇರುತ್ತಿತ್ತು, ಮನೆಯವರ ಮಾತು ಬರುತ್ತಿದ್ದದ್ದು ಆಮೇಲೆ. ಹುಡುಗಿಯನ್ನು ಶಾಲೆಗೆ ಕಳಿಸಲು ಒಪ್ಪಿದ ದಿನವೇ ಆ ಮನೆ ಅರ್ಧ ಒಪ್ಪಿತ್ತು. ಉಮಾಬಾಯಿಯವರಿಗೆ ಈ ಸೌಲಭ್ಯ ಹುಬ್ಬಳ್ಳಿಯ ಒಂದು ಶಾಲೆಯ ಮಟ್ಟಿಗೆ ಮಾತ್ರ ಇತ್ತು. ಉಳಿದೆಡೆ ಅವರು ಮನೆಯ ಹೊಸ್ತಿಲಿನಿಂದಲೇ ಆರಂಭಿಸಬೇಕಿತ್ತು. ಹೊಸ್ತಿಲಿನ ಬೀಗದ ಕೈ ಹುಡುಗಿಯ ಸೆರಗಿನಲ್ಲಿರಲಿಲ್ಲ, ತಾಯಿಯ ಸೆರಗಿನಲ್ಲೂ ಇರಲಿಲ್ಲ. ತಂದೆ, ಅಣ್ಣ, ಮಾವ, ಮೈದುನ ಯಾರಾದರೊಬ್ಬರು ಹೂಂ ಅನ್ನಬೇಕಿತ್ತು.

ಈ ಹೂಂ ಪಡೆಯಲು ಉಮಾಬಾಯಿಯವರ ಬಳಿ ಇದ್ದ ಬಂಡವಾಳ ಅವರ ಸ್ವಂತ ಬದುಕು. ಮರ್ಯಾದಸ್ಥ ಸಾರಸ್ವತ ಮನೆತನದ ವಿಧವೆ, ಮಾವನ ಆಶೀರ್ವಾದದಿಂದಲೇ ಹೊರಗೆ ಬಂದವರು, ಖಾದಿಯ ಸಾದಾ ಸೀರೆಯವರು, ಊರೂರು ತಿರುಗಿದರೂ ಹೆಸರು ಕೆಡಿಸಿಕೊಳ್ಳದವರು. ಮಗಳನ್ನು ಕಳಿಸಿದರೆ ಜನ ಏನಂದಾರು ಎಂಬ ಅಳುಕಿಗೆ, ಅವರು ಎದುರಿಗೆ ನಿಂತದ್ದೇ ಅರ್ಧ ಉತ್ತರವಾಗುತ್ತಿತ್ತು. ಸ್ವಾತಂತ್ರ್ಯದ ಕುರಿತ ಭಾಷಣಕ್ಕಿಂತ ಈ ಭರವಸೆ ಹೆಚ್ಚು ಕೆಲಸ ಮಾಡಿತು ಎಂಬುದು ನನ್ನ ಅಭಿಪ್ರಾಯ. ನಾಲ್ಕು ವರ್ಷಗಳ ಬಳಿಕ ಕಲ್ಕತ್ತೆಯಲ್ಲಿ ಇದೇ ಕಥೆ ಬೇರೆ ಬಣ್ಣದಲ್ಲಿ ಕಾಣುತ್ತದೆ. 1928ರ ಕಲ್ಕತ್ತ ಅಧಿವೇಶನಕ್ಕೆ ಸುಭಾಷಚಂದ್ರ ಬೋಸರ ಮಾತಿನ ಮೇರೆಗೆ ಲತಿಕಾ ಘೋಷ್ ಸುಮಾರು 300 ಮಂದಿ ಸ್ವಯಂಸೇವಕಿಯರನ್ನು, ಬಹುಪಾಲು ಕಾಲೇಜು ವಿದ್ಯಾರ್ಥಿನಿಯರನ್ನೂ ಶಿಕ್ಷಕಿಯರನ್ನೂ, ಸಜ್ಜುಗೊಳಿಸಿದರು. ಅವರು ಕೆಂಪಂಚಿನ ಹಸಿರು ಸೀರೆ ಉಟ್ಟು ಗಂಡಸರ ಸರಿಸಮಕ್ಕೆ ಹೆಜ್ಜೆ ಹಾಕಿದರು. ಆದರೆ ಗಂಡಸರಂತೆ ಷರಾಯಿ ತೊಡಲಿಲ್ಲ, ರಾತ್ರಿ ಶಿಬಿರದಲ್ಲಿ ಉಳಿಯಲಿಲ್ಲ. ಪೋಷಕರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಕ್ರಾಂತಿಯ ಉತ್ಸಾಹವೂ ಸಂಜೆಯಾಗುತ್ತಲೇ ಮನೆಗೆ ಮರಳಬೇಕಾಗಿತ್ತು.

ವಿಧವೆಯರ ವಿಚಾರದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮವಾಗಿತ್ತು. ಅವರನ್ನು ಕಳಿಸಿದರೆ ಮನೆಗೆ ಕಳಂಕ ಬಂದೀತೆಂಬ ಹೆದರಿಕೆ ಹೆಚ್ಚು. ಆದರೆ ಮದುವೆಯ ಚಿಂತೆಯಿಲ್ಲ, ಮಕ್ಕಳ ತಾಪತ್ರಯ ಕಡಿಮೆ, ಮನೆಯಲ್ಲಿ ಅವರ ಇರವು ಎಲ್ಲರಿಗೂ ಒಂದು ಮುಜುಗರ. ಕಟುವಾಗಿ ಹೇಳುವುದಾದರೆ, ಮನೆಗೆ ಬೇಡವಾದದ್ದು ದೇಶಕ್ಕೆ ಬೇಕಾಯಿತು. ಹಾಗೆಂದು ಹೊರಟವರ ಧೈರ್ಯ ಕಿರಿದಾಗುವುದಿಲ್ಲ. ಶುಭಕಾರ್ಯಕ್ಕೆ ಎದುರು ಬರಬಾರದು ಎನಿಸಿಕೊಂಡಿದ್ದ ಹೆಣ್ಣು, ದೇಶದ ಅತಿಥಿಗಳು ಬರುವ ದಾರಿಯಲ್ಲಿ ಎದುರುಗೊಳ್ಳುವ ಕೆಲಸಕ್ಕೆ ನಿಂತಳೆಂದರೆ ಸಣ್ಣ ಮಾತಲ್ಲ. ಹಿಂಜರಿಕೆಯನ್ನು ನುಂಗಿಕೊಂಡು ನಿಂತ ಆ ಹೆಜ್ಜೆಗೆ ಕವಾಯತಿನ ಹೆಜ್ಜೆಗಿಂತ ಹೆಚ್ಚು ಬಲ ಬೇಕಾಗಿತ್ತು.

ಮಂಟಪದಲ್ಲಿ ಕಂಡದ್ದು, ಪಂಕ್ತಿಯಲ್ಲಿ ಉಳಿದದ್ದು

ಅಧಿವೇಶನದ ಸ್ವಾಗತ ಸಮಿತಿಗೆ ಗಂಗಾಧರರಾವ್ ದೇಶಪಾಂಡೆ ಅಧ್ಯಕ್ಷರು, ಸ್ವಯಂಸೇವಕ ದಳದ ಹೊಣೆ ಹರ್ಡೀಕರರದು. ನೀರಿಗಾಗಿ ಅಗೆಸಿದ, ಪಂಪಾ ಸರೋವರವೆಂದು ಹೆಸರಿಟ್ಟ ಬಾವಿ ಇಂದಿಗೂ ಟಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿಯೆಂದು ಉಳಿದಿದೆ. ಗಾಂಧೀಜಿಯ ಅಧಿವೇಶನವಾದ್ದರಿಂದ ಸ್ವಚ್ಛತೆಯೇ ಅಲ್ಲಿನ ದೊಡ್ಡ ಕಾರ್ಯಕ್ರಮ. ಕಕ್ಕಸು ತೊಳೆಯುವ ಕೆಲಸಕ್ಕೆ ಕಾಕಾ ಕಾಲೇಲ್ಕರರ ಮುಂದಾಳುತನದಲ್ಲಿ ಬ್ರಾಹ್ಮಣ ಸ್ವಯಂಸೇವಕರೂ ಇಳಿದದ್ದು ಆ ದಿನಗಳಲ್ಲಿ ದೊಡ್ಡ ಸುದ್ದಿ.

ಅದೇ ಮಂಟಪದಲ್ಲಿ ಸ್ವಾಗತಗೀತೆಗೆ ದನಿಗೂಡಿಸಿದ ಹುಡುಗಿಯರಲ್ಲಿ ಧಾರವಾಡದ ಹನ್ನೊಂದು ವರ್ಷದ ಒಬ್ಬಳಿದ್ದಳು. ಮುಂದೆ ಗಂಗೂಬಾಯಿ ಹಾನಗಲ್ ಎಂದು ನಾಡಿಗೆ ನಾಡೇ ತಲೆಬಾಗಿದ ಗಾಯಕಿ ಆಕೆ. ಆ ದಿನದ ಬಗ್ಗೆ ಅವರು ಮುಂದೆ ನೆನೆಸಿಕೊಂಡದ್ದರಲ್ಲಿ ಗಾಂಧೀಜಿಯ ಎದುರು ಹಾಡಿದ ಹೆಮ್ಮೆಯ ಜೊತೆಗೇ ಒಂದು ಅಳುಕೂ ಇದೆ. ತಾವು ಕೆಳಜಾತಿಯವರೆಂಬ ಕಾರಣಕ್ಕೆ, ಉಂಡ ಮೇಲೆ ಎಂಜಲೆಲೆ ತೆಗೆಯಲು, ಊಟದ ಜಾಗ ಬಳಿಯಲು ತಮಗೆ ಹೇಳಿಬಿಟ್ಟಾರೆಂದು ಆ ಮಗು ಅಂಜಿತ್ತು. ಒಂದೇ ಬಯಲಿನಲ್ಲಿ ಬ್ರಾಹ್ಮಣ ಯುವಕರು ತಾವಾಗಿಯೇ ಕಕ್ಕಸು ತೊಳೆದು ಮೆಚ್ಚುಗೆ ಪಡೆಯುತ್ತಿದ್ದರು; ಹನ್ನೊಂದರ ಹುಡುಗಿಯೊಬ್ಬಳು ಎಂಜಲೆಲೆಯ ಭಯದಲ್ಲಿ ಎದೆ ಹಿಡಿದುಕೊಂಡಿದ್ದಳು. ಸೇವೆಯನ್ನು ತಾನಾಗಿ ಆರಿಸಿಕೊಂಡವನಿಗೆ ಅದು ಪುಣ್ಯ, ಹುಟ್ಟಿನಿಂದಲೇ ಹೊರಿಸಲ್ಪಟ್ಟವಳಿಗೆ ಅದು ಅವಮಾನ. ಯೌವನದ ಸಂಘಟನೆಗಳೆಲ್ಲ ಸೇವೆ ಎಂಬ ಪದದ ಮೇಲೆ ನಿಂತಿರುವಾಗ, ಆ ಪದ ಯಾರ ಬಾಯಲ್ಲಿ ಏನಾಗುತ್ತದೆ ಎಂಬುದನ್ನು ಕೇಳದೆ ಮುಂದೆ ಹೋಗಲಾಗದು. ಗೈಡ್ ಸಂಘಟನೆಯ ಬೇಲಿ ಬಣ್ಣದ್ದು. ಇಲ್ಲಿನ ಬೇಲಿ ಪಂಕ್ತಿಯದು. ಭಗಿನಿ ಎಂಬ ಹೆಸರೂ ಸೋದರಿ ಎಂಬ ನಿಯಮವೂ ಒಂದೇ ಅರ್ಥದವು ಎಂಬುದನ್ನು ಇಲ್ಲಿ ನೆನೆಯಬಹುದು.

1932

ಬೆಳಗಾವಿಯಲ್ಲಿ ಸ್ವಯಂಸೇವಕಿಯರ ಕೆಲಸ ಅಧಿವೇಶನದ ಅಂಗಳದೊಳಗೆ, ಅತಿಥಿಗಳ ಸುತ್ತ ನಡೆದದ್ದು. ಅದರಲ್ಲಿ ಮನೆಗೆಲಸದ ಛಾಯೆ ಇತ್ತು, ಸರಕಾರಕ್ಕೂ ಅದರಿಂದ ಆತಂಕವಾಗಲಿಲ್ಲ. 1930ರಲ್ಲಿ ಚಿತ್ರ ಬದಲಾಯಿತು. ದಂಡಿಗೆ ನಡೆದ ತಮ್ಮ ತಂಡದಲ್ಲಿ ಗಾಂಧೀಜಿ ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಇದನ್ನು ಪ್ರಶ್ನಿಸಿ ಅವರನ್ನು ಒಪ್ಪಿಸಿದವರಲ್ಲಿ ಕಮಲಾದೇವಿ ಒಬ್ಬರು. ಉಪ್ಪು ಮಾಡುವುದು, ಹೆಂಡದಂಗಡಿ ಮತ್ತು ವಿದೇಶಿ ಬಟ್ಟೆಯ ಅಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವುದು ಎಂದಾಗ, ಹಿಂದಿನ ವರ್ಷಗಳಲ್ಲಿ ಸಾಲಾಗಿ ನಿಲ್ಲುವುದನ್ನು, ಸೀಟಿಗೆ ಓಗೊಡುವುದನ್ನು, ನೂಕುನುಗ್ಗಲಿನಲ್ಲಿ ಎದೆಗುಂದದಿರುವುದನ್ನು ಕಲಿತ ಹೆಣ್ಣುಮಕ್ಕಳು ಎಷ್ಟು ಉಪಯುಕ್ತರು ಎಂಬುದು ತಿಳಿಯಿತು. 1931ರಲ್ಲಿ ಸೇವಾ ದಳ ಕಾಂಗ್ರೆಸ್ಸಿನ ಅಧಿಕೃತ ಸ್ವಯಂಸೇವಕ ಅಂಗವಾಯಿತು.

ಅದೇ ವರ್ಷದ ಡಿಸೆಂಬರ್ 14ರಂದು ದೂರದ ಕೊಮಿಲ್ಲಾದಲ್ಲಿ ಶಾಂತಿ ಘೋಷ್, ಸುನೀತಿ ಚೌಧುರಿ ಎಂಬ ಇಬ್ಬರು ಶಾಲಾ ಹುಡುಗಿಯರು ಅರ್ಜಿ ಕೊಡುವ ನೆಪದಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಸ್ಟೀವನ್ಸ್ ಅವರ ಮನೆಗೆ ಹೋಗಿ ಅವರನ್ನು ಗುಂಡಿಟ್ಟು ಕೊಂದರು. ಎರಡು ತಿಂಗಳೂ ಕಳೆಯುವ ಮೊದಲೇ, 1932ರ ಫೆಬ್ರವರಿ 6ರಂದು, ಕಲ್ಕತ್ತ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಬೀನಾ ದಾಸ್ ಬಂಗಾಳದ ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ ಮೇಲೆ ಗುಂಡು ಹಾರಿಸಿದರು. ಆಕೆ ಕಲ್ಕತ್ತೆಯ ಛಾತ್ರೀ ಸಂಘವೆಂಬ ವಿದ್ಯಾರ್ಥಿನಿಯರ ಸಂಘಟನೆಯ ಬಳಗದವರು. ಹುಬ್ಬಳ್ಳಿಯ ದಾರಿ ಇದಲ್ಲ, ಅಹಿಂಸೆಯದು. ಆದರೂ ಆಳುವವರ ಕಣ್ಣಿಗೆ, ಕಂಪನಿಯಾಗಿ ಸೇರಿದ, ಸಮವಸ್ತ್ರ ತೊಟ್ಟ, ದೊರೆಯ ಹೆಸರೆತ್ತದ ಹುಡುಗಿ ಇನ್ನು ಮುಂದೆ ನಿರುಪದ್ರವಿ ಅಲ್ಲ ಎಂಬುದು ಸ್ಪಷ್ಟವಾಯಿತು. ಹತ್ತು ವರ್ಷದ ಹಿಂದೆ ಪ್ರತಿಜ್ಞೆಯ ವಾದದಲ್ಲಿ ಯಾರ ಗಮನಕ್ಕೂ ಬಾರದಿದ್ದ ಹುಡುಗಿಯ ನಿಷ್ಠೆ, ಈಗ ಪೊಲೀಸ್ ಕಡತದ ವಿಷಯವಾಯಿತು.

1932ರ ಜನವರಿಯಲ್ಲಿ ಕಾಂಗ್ರೆಸ್ಸಿನ ಸಂಘಟನೆಗಳನ್ನು ಸರಕಾರ ನಿಷೇಧಿಸಿತು, ಸೇವಾ ದಳವೂ ಅದರಲ್ಲಿ ಸೇರಿತು. ಉಮಾಬಾಯಿಯವರನ್ನು ಬಂಧಿಸಿ ಯರವಾಡ ಜೈಲಿನಲ್ಲಿ ನಾಲ್ಕು ತಿಂಗಳು ಇರಿಸಿದರು. ಅವರು ಒಳಗಿರುವಾಗಲೇ ಹುಬ್ಬಳ್ಳಿಯಲ್ಲಿ ಮಾವ ಆನಂದರಾವ್ ತೀರಿಕೊಂಡರು. ಹೊರಬಂದು ನೋಡಿದರೆ ಕರ್ನಾಟಕ ಮುದ್ರಣಾಲಯ ಮುಟ್ಟುಗೋಲಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನಿ ಮಂಡಲ ಕಾನೂನುಬಾಹಿರವೆಂದು ಘೋಷಣೆಯಾಗಿತ್ತು. ಮಹಿಳಾ ದಳ ನಿಂತಿದ್ದ ಮನೆ, ಶಾಲೆ, ಸಂಘ, ಮುದ್ರಣಾಲಯ ಎಂಬ ನಾಲ್ಕು ಕಂಬಗಳಲ್ಲಿ ಮೂರನ್ನು ಸರಕಾರ ಕೆಡವಿತು. ನಾಲ್ಕನೆಯದರ ಹಿರಿಯನನ್ನು ಸಾವು ಒಯ್ದಿತ್ತು. ಎಲ್ಲಿ ಹೊಡೆದರೆ ಸಂಘಟನೆ ಕುಸಿಯುತ್ತದೆ ಎಂಬುದನ್ನು ಅಧಿಕಾರಿಗಳು ಚೆನ್ನಾಗಿಯೇ ಓದಿಕೊಂಡಿದ್ದರು. ಗೈಡ್ ಕಂಪನಿಗೆ ಶಾಲೆಯ ಅಂಗಳ ಹೇಗೋ ಹಾಗೆ ಈ ದಳಕ್ಕೆ ಈ ಒಂದು ಮನೆತನ. ಬೆಳಗಾವಿಯಲ್ಲಿ ಕಂಡ ಬಲದ ಮೂಲವೂ, ಅದರ ದೌರ್ಬಲ್ಯದ ಮೂಲವೂ ಅದೊಂದೇ.

ಆದರೆ ಮನೆಯಂತೂ ಉಳಿಯಿತು. ಬಿಡುಗಡೆಯಾದ ಸತ್ಯಾಗ್ರಹಿ ಹೆಂಗಸರಲ್ಲಿ ಎಷ್ಟೋ ಜನರಿಗೆ ಊರಿಗೆ ಹೋಗಲು ಕೈಯಲ್ಲಿ ಕಾಸಿರುತ್ತಿರಲಿಲ್ಲ. ಜೈಲಿಗೆ ಹೋಗಿಬಂದವಳನ್ನು ಮನೆಯವರು ಹೇಗೆ ನೋಡುತ್ತಾರೋ ಎಂಬ ದಿಗಿಲು ಬೇರೆ. ಅಂಥವರಿಗೆ ಹುಬ್ಬಳ್ಳಿಯ ಉಮಾಬಾಯಿಯವರ ಸಣ್ಣ ಮನೆ ತಂಗುದಾಣವಾಯಿತು. ಹೊಸ್ತಿಲು ದಾಟಿಸಲು ಒಮ್ಮೆ ಹಿರಿಯರ ಅನುಮತಿ ಬೇಡಿದವರು, ಈಗ ಹಾಗೆ ದಾಟಿದವರು ಮರಳಿ ಒಳಗೆ ಹೋಗುವ ದಾರಿಯನ್ನೂ ಕಾಯಬೇಕಾಯಿತು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಅವರು ಸ್ವಯಂಸೇವಕರ ತಂಡದೊಡನೆ ಅಲ್ಲಿಗೆ ಧಾವಿಸಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು.

ಎರಡು ದಾರಿಗಳ ಮುಂದಿನ ಕಥೆ

ಗೈಡ್ ಸಂಘಟನೆ ಭಾರತದಲ್ಲಿ ಬೆಳೆಯುತ್ತಲೇ ಹೋಯಿತು, ಭಾರತೀಯ ಹೆಣ್ಣುಮಕ್ಕಳ ಕೈಗೆ ಕ್ರಮೇಣ ಬಂತು. ಕಿರಿಯ ಹುಡುಗಿಯರ ವಿಭಾಗಕ್ಕೆ ಇಂಗ್ಲೆಂಡಿನಲ್ಲಿದ್ದ ಬ್ರೌನಿ ಎಂಬ ಹೆಸರನ್ನು ಇಲ್ಲಿ ಬಳಸದೆ ಬ್ಲೂಬರ್ಡ್ ಎಂದು ಕರೆದರು. ಕಂದು ಬಣ್ಣವನ್ನು ಸೂಚಿಸುವ ಪದವನ್ನು ಭಾರತದ ಮಕ್ಕಳಿಗೆ ಅಂಟಿಸುವುದು ಮುಜುಗರವೆಂದು ಹೊಳೆಯುವಷ್ಟು ಸೂಕ್ಷ್ಮ ಅವರಲ್ಲಿತ್ತು. ದೊರೆಯ ಹೆಸರಿನ ಪ್ರತಿಜ್ಞೆ ಮಾತ್ರ ಹಾಗೇ ಉಳಿಯಿತು. 1937ರಲ್ಲಿ ದೆಹಲಿಯ ಅಖಿಲ ಭಾರತ ಜಾಂಬೋರಿ ಎಂಬ ಸ್ಕೌಟ್ ಮೇಳಕ್ಕೆ ಬಂದ ಬೇಡನ್ ಪೊವೆಲ್ ಭಾರತೀಯರ ಬಗ್ಗೆ ಆಡಿದ ಮಾತು ಅನೇಕರನ್ನು ನೋಯಿಸಿತು; ಬಹಳ ಮಂದಿ ಆ ಸಂಸ್ಥೆಯನ್ನು ತೊರೆದರು, 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಸ್ಥೆ ಹುಟ್ಟಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಸ್ಕೌಟ್ ಸಂಸ್ಥೆಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಗರ್ಲ್ ಗೈಡ್ಸ್ ಸಂಸ್ಥೆ ಅದರಲ್ಲಿ ಸೇರಿದ್ದು ಇನ್ನೂ ಒಂಬತ್ತು ತಿಂಗಳು ಕಳೆದ ಮೇಲೆ, 1951ರ ಆಗಸ್ಟ್ 15ರಂದು. ಹುಡುಗಿಯರ ಸಂಸ್ಥೆ ತನ್ನ ಬೇರೆ ಅಸ್ತಿತ್ವವನ್ನು ಬಿಟ್ಟುಕೊಡಲು ತಡಮಾಡಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಸೇವಾ ದಳದ ಮಹಿಳಾ ವಿಭಾಗ ಹೀಗೆ ಶಾಲೆ ಶಾಲೆಗೆ ಹಬ್ಬಿದ ಸಂಸ್ಥೆಯಾಗಿ ಬೆಳೆಯಲಿಲ್ಲ. ಅದು ಕಲಿಸಿದ ಕೆಲಸ ಮಾತ್ರ ಬೇರೆ ಹೆಸರಿನಲ್ಲಿ ಮುಂದುವರಿಯಿತು. 1946ರಲ್ಲಿ ಗಾಂಧೀಜಿ ಉಮಾಬಾಯಿಯವರನ್ನು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಪ್ರತಿನಿಧಿಯಾಗಿ ನೇಮಿಸಿದಾಗ, ಹಳ್ಳಿಗಳಲ್ಲಿ ಆರೋಗ್ಯ, ಶಿಶುಪಾಲನೆ, ಅಕ್ಷರಾಭ್ಯಾಸಗಳಿಗಾಗಿ ಗ್ರಾಮಸೇವಿಕೆಯರನ್ನು ತಯಾರು ಮಾಡುವ ಹೊಣೆ ಅವರದಾಯಿತು. ಟ್ರಸ್ಟಿನ ಬಳಿ ಹಣ ಕಡಿಮೆ. ಅವರು ಮನೆಮನೆಗೆ ಹೋಗಿ ಕೈಚಾಚಿದರು. ಇಪ್ಪತ್ತೆರಡು ವರ್ಷಗಳ ಹಿಂದೆ ಮಗಳನ್ನು ಕಳಿಸಿಕೊಡಿ ಎಂದು ಕೇಳಲು ಹತ್ತಿದ್ದಂಥದೇ ಮೆಟ್ಟಿಲುಗಳನ್ನು ಈಗ ದೇಣಿಗೆಗಾಗಿ ಹತ್ತಿದರು. ಸ್ವಾತಂತ್ರ್ಯ ಬಂದ ಮೇಲೆ ಸರಕಾರ ಕೊಡಲು ಬಂದ ಪಿಂಚಣಿಯನ್ನೂ ತಾಮ್ರಪತ್ರವನ್ನೂ ಬೇಡವೆಂದು, ಹುಬ್ಬಳ್ಳಿಯ ಆನಂದ ಸ್ಮೃತಿಯೆಂಬ ಸಣ್ಣ ಮನೆಯಲ್ಲಿ ಬಾಳಿ, 1992ರಲ್ಲಿ ನೂರರ ಹರೆಯದಲ್ಲಿ ತೀರಿಕೊಂಡರು. ಆ ಮನೆಗೆ ಇದ್ದದ್ದು ಮಾವನ ಹೆಸರು.